ಗುಣವಾದವಳ ಕಾಲು ಇನ್ನೂ ಊದಿದೆ: ಸೂಜಿ ಚಿಕಿತ್ಸೆಯ ಮುಖ್ಯಾಧಿಕಾರಿಗಳಿಗೆ

ಯೆರವಡಾ, ಪುಣೆ
ನವೆಂಬರ್ 1983

ಅಕ್ಯುಪಂಕ್ಚರ್ ಸಂಶೋಧನಾ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನನ್ನ ಅಕ್ಕ ಯಮನವ್ವನ ಮೊಣಕಾಲು ನೋವು ಸಂಪೂರ್ಣ ಗುಣವಾಗಿದೆಯೆಂದು ನಿಮ್ಮ ವಿಭಾಗ ಪತ್ರಿಕೆಗಳಿಗೆ ತಿಳಿಸಿದೆ. ಅಭಿನಂದನೆಗಳು. ಕೊರತೆ ಒಂದೇ: ಈ ಶುಭ ಸುದ್ದಿ ಅವಳ ಮೊಣಕಾಲಿಗೆ ಇನ್ನೂ ತಲುಪಿಲ್ಲ. ಅದು ಮೊದಲಿಗಿಂತ ಹೆಚ್ಚು ಊದಿದೆ, ಸಂಜೆಯಾದರೆ ಮೈ ಬಿಸಿಯಾಗುತ್ತದೆ, ಪಾಯಖಾನೆಗೆ ಹೋಗಬೇಕಾದರೂ ಗೋಡೆ ಹಿಡಿದೇ ಹೋಗಬೇಕು. ನಿಮ್ಮದೇ ಆಸ್ಪತ್ರೆಯ ಎಲುಬಿನ ವಿಭಾಗದವರು ಅವಳನ್ನು ಸೇರಿಸಿಕೊಳ್ಳುತ್ತಿಲ್ಲ. ಯಾಕೆಂದು ಕೇಳಿದರೆ ನಿಮ್ಮ ಬಾಗಿಲಿನ ಕಡೆ ಕೈ ತೋರಿಸುತ್ತಾರೆ. ನಿಮ್ಮ ಬಾಗಿಲಲ್ಲಿ ಕೇಳಿದರೆ ಅವಳಿಗೆ ಗುಣವಾಗಿದೆ ಎನ್ನುತ್ತೀರಿ. ಗುಣವಾದವಳನ್ನು ರಿಕ್ಷಾದಿಂದ ಎತ್ತಿ ಇಳಿಸುತ್ತಾ ನಾನು ಇನ್ನೆಷ್ಟು ಬಾಗಿಲು ತಿರುಗಬೇಕು ಸ್ವಾಮಿ?

ಈ ಪತ್ರವನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಮೊದಲು ಮರಾಠಿಯಲ್ಲಿ ಬರೆದೆ. ಮರಾಠಿ ನಿಮ್ಮ ಮೇಜಿಗೆ ಹಗುರವಾಯಿತೇನೋ ಎಂದು, ನಮ್ಮ ಗೋದಾಮಿನ ಟೈಪಿಸ್ಟನನ್ನು ಕಾಡಿ ಬೇಡಿ ಇಂಗ್ಲಿಷಿನಲ್ಲಿ ಬರೆಸಿದೆ. ಎರಡಕ್ಕೂ ಉತ್ತರವಿಲ್ಲ. ಕಳೆದ ತಿಂಗಳು ಆಸ್ಪತ್ರೆಯ ವರಾಂಡದಲ್ಲಿ ನೀವು ನನ್ನನ್ನು ಅಚ್ಚ ಧಾರವಾಡದ ಕನ್ನಡದಲ್ಲಿ ಗದರಿಸಿದಾಗಲೇ ನೀವು ನಮ್ಮ ಕಡೆಯವರೆಂದು ನನಗೆ ತಿಳಿದಿತ್ತು, ಅದು ಈಗ ನೆನಪಿಗೆ ಬಂತು. ಇದನ್ನು ಅಚ್ಚು ಹಾಕುತ್ತಿರುವ, ಹುಬ್ಬಳ್ಳಿಯಿಂದ ಒಂದು ದಿನ ತಡವಾಗಿ ಬರುವ ಈ ಕನ್ನಡ ಪತ್ರಿಕೆ ನಿಮ್ಮ ಮನೆಗೂ ಬೀಳುತ್ತದೆಂದು ಪೇಪರ್ ಹಾಕುವವನು ಹೇಳಿದ. ಬೆಳಗಿನ ಚಹಾದ ಹೊತ್ತಿನಲ್ಲಾದರೂ ನಿಮ್ಮನ್ನು ಹಿಡಿಯಬಹುದು ಎಂದುಕೊಂಡೆ. ಅಲ್ಲಿ ಚೀಟಿ ಕಳಿಸಿ ಹೊರಗೆ ಬೆಂಚಿನ ಮೇಲೆ ಕಾಯಬೇಕಾಗಿಲ್ಲ.

ನಾನು ಅನುಮಾನದ ಪ್ರಾಣಿ, ಅದನ್ನು ಮುಚ್ಚಿಡುವುದಿಲ್ಲ. ಸಿಮೆಂಟಿಗೆ ಪರ್ಮಿಟ್ ಬೇಕಾಗಿರುವ ಈ ಕಾಲದಲ್ಲಿ ಸಿಮೆಂಟ್ ಗೋದಾಮಿನ ಗುಮಾಸ್ತನಾಗಿ ಬಾಳುವವನಿಗೆ ಇನ್ನಾವ ಗುಣ ಬಂದೀತು? ಹೊಲಿಗೆ ಬಿಚ್ಚದ ಚೀಲವನ್ನೂ ತಕ್ಕಡಿಗೆ ಏರಿಸುತ್ತೇನೆ. ಹಾಲಿನವನನ್ನು ನಂಬುವುದಿಲ್ಲ, ರೇಶನ್ ಅಂಗಡಿಯವನನ್ನು ನಂಬುವುದಿಲ್ಲ. ಕನ್ನಡಿಯಲ್ಲಿ ಕಂಡವನನ್ನೂ ನಾನು ಎರಡು ಸಲ ನೋಡುತ್ತೇನೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಹೀಗಾಗಿ ಕಳೆದ ಬೇಸಿಗೆಯಲ್ಲಿ ನಿಮ್ಮ ಜೀಪು ನಮ್ಮ ವಸತಿಗೆ ಬಂದಾಗ ಮೊದಲು ಹುಬ್ಬು ಗಂಟಿಕ್ಕಿದವನು ನಾನೇ.

ನಮ್ಮ ವಸತಿಯಲ್ಲಿರುವವರು ಬಹುಪಾಲು ಶಹಾಪುರ, ಸುರಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆಸ್ಪತ್ರೆಯ ಜೀಪು ಎಂದೊಡನೆ ಗಂಡಸರು ಸಿಕ್ಕ ಸಿಕ್ಕ ಸಂದಿಯಲ್ಲಿ ಮಾಯವಾದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಂಥದೇ ಜೀಪು ಬಂದು ಯಾರನ್ನು ಎಲ್ಲಿಗೆ ಕರೆದೊಯ್ದು ಯಾವ ಆಪರೇಶನ್ ಮಾಡಿ ಕಳಿಸಿತ್ತೆಂಬುದನ್ನು ಅವರಾರೂ ಮರೆತಿಲ್ಲ. ಉಳಿದವರು ಹೆಂಗಸರು. ಅವರ ಮುಂದೆ ನಿಮ್ಮ ಸಮಾಜ ಕಾರ್ಯಕರ್ತೆ ಸ್ವರ್ಣಲತಾ ಬಾಯಿಯವರು ನಿಂತು, ಮೊಣಕಾಲು ನೋವಿಗೆ ಹೊಸ ಚಿಕಿತ್ಸೆ ಬಂದಿದೆ, ಗುಳಿಗೆಯಿಲ್ಲ, ಔಷಧವಿಲ್ಲ, ಕೂದಲಿನಂಥ ಸೂಜಿ ಚುಚ್ಚುತ್ತಾರೆ ಅಷ್ಟೆ, ಚೀನಾದವರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದದ್ದು ಎಂದರು. ಚೀನಾ ಎಂಬ ಹೆಸರು ಕೇಳಿ ನಾನು ಬಾಯಿ ಹಾಕಿದೆ. ಇಪ್ಪತ್ತು ವರ್ಷದ ಹಿಂದೆ ಆ ಚೀನಾದವರ ಮೇಲಿನ ಯುದ್ಧಕ್ಕೆಂದು ನಮ್ಮವ್ವ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟಿದ್ದಳು. ಈಗ ಅವರ ಸೂಜಿ ಅವಳ ಮಗಳ ಕಾಲಿಗೆ ಬಂದಿತೇ ಎಂದು ಕೇಳಿದೆ. ಹೆಂಗಸರು ನಕ್ಕರು, ಸ್ವರ್ಣಲತಾ ಬಾಯಿಯವರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಅವಳು ಹೆಸರು ಬರೆಸಲು ಎದ್ದು ಹೋಗಿದ್ದಳು.

ಅವಳು ಹೋದದ್ದು ಸೂಜಿಯ ಆಸೆಗಲ್ಲ. ಚಿಕಿತ್ಸೆಯ ಎಲ್ಲ ಸರದಿಗಳನ್ನೂ ತಪ್ಪದೆ ಮುಗಿಸಿದವರಲ್ಲಿ ಯಾರಿಗೆ ನೋವು ಉಳಿದಿರುತ್ತದೋ ಅವರನ್ನು ಎಲುಬಿನ ದೊಡ್ಡ ಡಾಕ್ಟರು ಖುದ್ದಾಗಿ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ ಎಂದು ಸ್ವರ್ಣಲತಾ ಬಾಯಿಯವರು ಹೇಳಿದ್ದರು. ಎರಡು ಸರದಿ ತಪ್ಪಿಸಿದವರ ಕಾರ್ಡು ರದ್ದು ಎಂದೂ ಹೇಳಿದ್ದರು. ಅಕ್ಕನ ಮನಸ್ಸಿನಲ್ಲಿ ನೆಟ್ಟದ್ದು ಈ ಎರಡು ಮಾತು. ದೊಡ್ಡ ಡಾಕ್ಟರನ್ನು ಮುಟ್ಟಬೇಕಾದರೆ ಕಾರ್ಡು ಜೀವಂತವಾಗಿರಬೇಕು. ಆ ಕಾರ್ಡನ್ನು ಅವಳು ದೇವರ ಫೋಟೋದ ಹಿಂದೆ ಇಟ್ಟಿದ್ದಳು.

ಮೊದಲ ಕೆಲವು ಸರದಿಗೆ ಅವಳೇ ಹೋದಳು. ಅಲ್ಲಿ ಎರಡು ಕೋಣೆಗಳಿದ್ದವಂತೆ. ಒಂದರಲ್ಲಿ ಚೀನೀ ಶಾಸ್ತ್ರದ ಪ್ರಕಾರ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚುವುದು, ಇನ್ನೊಂದರಲ್ಲಿ ಬೇಕೆಂದೇ ಬೇರೆ ಎಲ್ಲಿಯೋ ಚುಚ್ಚುವುದು. ಯಾರಿಗೆ ಯಾವುದು ಎಂಬುದನ್ನು ರೋಗಿಗೆ ಹೇಳುವುದಿಲ್ಲ. ಸಂಶೋಧನೆ ಎಂದರೆ ಹೀಗೆಯೇ, ನಿಜವಾದ ಗುಣವೋ ಮನಸ್ಸಿನ ಸಮಾಧಾನವೋ ಎಂದು ತಿಳಿಯಲು ಬೇರೆ ದಾರಿಯಿಲ್ಲ ಎಂದು ಸ್ವರ್ಣಲತಾ ಬಾಯಿಯವರು ನನಗೆ ತಾಳ್ಮೆಯಿಂದ ವಿವರಿಸಿದರು. ಯೋಚಿಸಿದೆ. ಮಾತಿನಲ್ಲಿ ತೂಕವಿತ್ತು. ತೂಗಿ ನೋಡುವವರನ್ನು ಕಂಡರೆ ನನಗೆ ಗೌರವ, ಅದು ನನ್ನ ಜಾತಿಯ ಕೆಲಸವೇ. ಜೀವನದಲ್ಲಿ ಅಪರೂಪಕ್ಕೆ ಒಂದು ಸರಕಾರಿ ಕೆಲಸವನ್ನು ಮೆಚ್ಚಿಕೊಂಡು ಮನೆಗೆ ಬಂದೆ.

ಆಮೇಲೆ ಸ್ಲ್ಯಾಬ್ ಬಂತು. ನೀವು ಮನೆ ಕಟ್ಟಿಸಿದ್ದರೆ ನಿಮಗೆ ಗೊತ್ತಿರಬೇಕು, ಸ್ಲ್ಯಾಬ್ ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಘಮೇಲಾ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬಳು ಕಡಿಮೆಯಾದರೆ ಸಾಲೇ ಮುರಿಯುತ್ತದೆ. ಅಕ್ಕನಿಗೆ ಏಣಿ ಹತ್ತುವುದಾಗುತ್ತಿರಲಿಲ್ಲ, ಆದರೆ ನಿಂತಲ್ಲಿ ನಿಂತು ದಾಟಿಸಬಲ್ಲಳು. ಅವಳ ನೆಗೆಣ್ಣಿ ಕಾಶವ್ವನ ಕಾಲು ಗಟ್ಟಿ, ಆದರೆ ಸಿಮೆಂಟ್ ತಿಂದು ಅಂಗೈ ಎರಡೂ ಒಡೆದಿದ್ದವು, ಘಮೇಲಾ ಹಿಡಿಯುವಂತಿರಲಿಲ್ಲ. ಸ್ಲ್ಯಾಬ್ ಬಿದ್ದದ್ದು ಸೂಜಿಯ ದಿನವೇ. ಆಗ ಕಾಶವ್ವ ಹೇಳಿದಳಂತೆ:

"ಯಕ್ಕಾ, ನೀ ಸ್ಲ್ಯಾಬಿಗೆ ಹೋಗು. ಸೂಜಿಗೆ ನಾ ಹೋಗ್ತೀನಿ. ನಿನ್ನ ಸರದಿ ಯಾಕ ಕಳಕೋತಿ?"

ಇದರಲ್ಲಿ ಅವರಿಬ್ಬರಿಗೂ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆಯ ಮುಯ್ಯಿ ಪದ್ಧತಿ ನಿಮಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ನಿನ್ನ ಹೊಲದಲ್ಲಿ ನಾನು ಕಳೆ ತೆಗೆದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು, ನಿನಗೆ ಆಗದಿದ್ದರೆ ನಿನ್ನ ಮನೆಯಿಂದ ಒಬ್ಬರು ಬರಬೇಕು. ಪುಣೆಗೆ ಬರುವಾಗ ನಮ್ಮ ಜನ ಹೊಲ ಬಿಟ್ಟು ಬಂದರು, ಮುಯ್ಯಿಯನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದರು. ಇಲ್ಲಿಯೂ ಕೂಲಿಗಳ ಮೇಸ್ತ್ರಿ ಮುಕಾದಮ ಬೆಳಿಗ್ಗೆ "ಯಮನವ್ವ" ಎಂದು ಕೂಗಿದರೆ ಯಮನವ್ವನ ಕಡೆಯವರು ಯಾರಾದರೂ ಒಬ್ಬರು "ಹಾಂ ಜೀ" ಎನ್ನುತ್ತಾರೆ, ಬುಟ್ಟಿ ಎತ್ತಿಕೊಳ್ಳುತ್ತಾರೆ. ಮುಕಾದಮನಿಗೆ ಬೇಕಾದದ್ದು ಕೆಲಸ, ಮುಖವಲ್ಲ. ಆಸ್ಪತ್ರೆಯೂ ಹಾಗೆಯೇ ಇದ್ದೀತೆಂದು ಕಾಶವ್ವ ತಿಳಿದಳು. ಅವಳು ತಿಳಿದದ್ದು ತಪ್ಪೆಂದು ಅಲ್ಲಿ ಯಾರಾದರೂ ತೋರಿಸಿಕೊಟ್ಟರೇ? ನಿಮ್ಮ ಜವಾನ "ಯಮನವ್ವ" ಎಂದು ಕೂಗಿದ. ಕಾಶವ್ವ ಎದ್ದು ಒಳಗೆ ಹೋದಳು. ಸೂಜಿ ಚುಚ್ಚಿಸಿಕೊಂಡು ಬಂದಳು. ಮಳೆಗಾಲಕ್ಕೆ ಮುಂಚೆ ಕಟ್ಟಡ ಮುಗಿಸುವ ಅವಸರದಲ್ಲಿ ಸ್ಲ್ಯಾಬಿನ ಮೇಲೆ ಸ್ಲ್ಯಾಬ್ ಬಿತ್ತು. ಉಳಿದ ಸರದಿಗಳಿಗೆಲ್ಲ ಅವಳೇ ಹೋದಳು, ಕೊನೆಯ ತಪಾಸಣೆಗೂ ಅವಳೇ. ಸರದಿ ಮುಗಿದವಲ್ಲ, ಇನ್ನು ದೊಡ್ಡ ಡಾಕ್ಟರ ಕರೆ ಬರುತ್ತದೆಂದು ಅಕ್ಕ ದಾರಿ ಕಾಯುತ್ತಾ ಕೂತಳು.

ಇಷ್ಟೆಲ್ಲ ನಡೆದದ್ದು ನನಗೆ ತಿಳಿದದ್ದು ದಸರೆಯ ನಂತರ, ಚಹಾದಂಗಡಿಯಲ್ಲಿ. ಮರಾಠಿ ಪತ್ರಿಕೆಯಲ್ಲಿ ನಿಮ್ಮ ಸಂಶೋಧನೆಯ ಸುದ್ದಿ. ಮೊಣಕಾಲು ನೋವಿನ ಬಹುಪಾಲು ರೋಗಿಗಳಿಗೆ ಸೂಜಿಯಿಂದ ಪರಿಹಾರ, ಶಾಸ್ತ್ರೀಯವಾಗಿ ಸಿದ್ಧವಾಗಿದೆ, ತಲೆನೋವಿಗೂ ಬೆನ್ನುನೋವಿಗೂ ವಿಸ್ತರಿಸಲಾಗುವುದು ಎಂದೆಲ್ಲ ಇತ್ತು. ಪಕ್ಕದಲ್ಲಿ ಒಂದು ಚಿತ್ರ. ಆಸ್ಪತ್ರೆಯ ಅಂಗಳದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಆರಾಮಾಗಿ ಕೂತು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಕೆಳಗೆ, ಚಿಕಿತ್ಸೆಯ ನಂತರ ಯಮನವ್ವ, ಎಂದು ಬರೆದಿತ್ತು. ಚಿತ್ರದಲ್ಲಿ ಇದ್ದವಳು ಕಾಶವ್ವ. ಚಹಾ ಅಲ್ಲಿಯೇ ಬಿಟ್ಟು ಅವಳ ಗುಡಿಸಲಿಗೆ ಹೋದೆ.

"ಏನವ್ವಾ ಇದು?" ಎಂದು ಪತ್ರಿಕೆ ಮುಂದೆ ಹಿಡಿದೆ.

"ಅಯ್ಯ, ಫೋಟೋ ಭಾಳ ಚಲೋ ಬಂದದಲ್ರಿ ಅಣ್ಣಾರ!"

"ನಿನಗೆ ಅಲ್ಲಿ ಏನು ಕೇಳಿದರು?"

"ದುಖತೇ ಕಾ, ನೋಯ್ತದೇನು ಅಂತ ಕೇಳಿದ್ರು. ಇಲ್ರಿ ಅಂದೆ. ಕೂತು ತೋರ್ಸು ಅಂದ್ರು, ಕೂತೆ. ನನ್ನ ಕಾಲು ಎಂದ್ ನೋಯ್ತಾವ್ರಿ? ದವಾಖಾನ್ಯಾಗ ಸುಳ್ಳು ಹ್ಯಾಂಗ ಹೇಳ್ಲಿ?"

ನೋಡಿ ಮಾನ್ಯರೇ, ನಿಮ್ಮ ಇಡೀ ಸಂಶೋಧನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಈಗ ಅವಳ ಮೇಲೆಯೇ ಮೋಸದ ಆರೋಪ. ಕಾಶವ್ವನಿಗೆ ನೋವಿಲ್ಲದ್ದನ್ನು ಅವಳು ನೋವಿಲ್ಲ ಎಂದಳು. ಅದನ್ನು ಯಮನವ್ವನ ಹೆಸರಿನ ಮುಂದೆ ಬರೆದುಕೊಂಡವರು ನೀವು. ಕಾಶವ್ವನ ಮೊಣಕಾಲಿಗೆ ಸೂಜಿ ಚುಚ್ಚಿದ ನಿಮ್ಮ ವೈದ್ಯರು ಆ ಮೊಣಕಾಲನ್ನು ನೋಡಲೇ ಇಲ್ಲವೇ? ಮೊದಲು ಬಂದ ಕಾಲು ಹಲಸಿನ ಹಣ್ಣಿನಂತೆ ಊದಿತ್ತು, ಆಮೇಲೆ ಬಂದದ್ದು ಕಡೆದಿಟ್ಟಂತೆ ಇತ್ತು. ಆ ವ್ಯತ್ಯಾಸವನ್ನು ಕಂಡು ಅನುಮಾನ ಬಾರದೆ ಸಂತೋಷ ಬಂದಿತೇ? ಕಾಶವ್ವನಿಗೆ ಮೊಣಕೈವರೆಗೆ ಹಚ್ಚೆಯಿದೆ, ಅಕ್ಕನ ಕೈಯಲ್ಲಿ ಒಂದು ಚುಕ್ಕೆಯೂ ಇಲ್ಲ. ಚೀನೀ ಸೂಜಿ ಕಾಲಿಗೆ ಚುಚ್ಚಿದರೆ ಕೈಯಲ್ಲಿ ಹಚ್ಚೆ ಮೂಡುತ್ತದೆ ಎಂದು ನಿಮ್ಮ ವರದಿಯಲ್ಲಿ ಸೇರಿಸಿದ್ದೀರಾ? ಸೇರಿಸಿಲ್ಲದಿದ್ದರೆ ಸೇರಿಸಿ, ಅದೂ ನಿಮಗೆ ಕಂಡದ್ದೇ ತಾನೇ.

ಇನ್ನೊಂದು ಮಾತು ಹೇಳದಿದ್ದರೆ ನಾನೂ ನಿಮ್ಮ ಹಾಗೆಯೇ ಬೇಕಾದ್ದನ್ನಷ್ಟೇ ಹೇಳಿದಂತಾಗುತ್ತದೆ. ಕಾಶವ್ವನಿಗೆ ಬಹಳ ವರ್ಷಗಳಿಂದ ಅರ್ಧ ತಲೆನೋವು ಇತ್ತು. ಸೂಜಿಗೆ ಹೋಗತೊಡಗಿದ ಮೇಲೆ ಅದು ಬಂದಿಲ್ಲವಂತೆ. "ತಲಿ ಹಗುರ ಆಗ್ಯದ್ರಿ ಅಣ್ಣಾರ, ಆಣಿ ಮಾಡಿ ಹೇಳ್ತೀನಿ" ಎನ್ನುತ್ತಾಳೆ. ಅದು ಸೂಜಿಯಿಂದಲೋ, ಆ ತಿಂಗಳುಗಳಲ್ಲಿ ಬಿಸಿಲಿನ ಕೆಲಸ ತಪ್ಪಿ ಆಸ್ಪತ್ರೆಯ ಫ್ಯಾನಿನ ಕೆಳಗೆ ಮಲಗಿದ್ದರಿಂದಲೋ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅವಳನ್ನು ತಲೆನೋವಿನ ಬಗ್ಗೆ ಯಾರೂ ಕೇಳಲಿಲ್ಲ, ಯಾಕೆಂದರೆ ಅವಳು ನಿಮ್ಮ ಸಂಶೋಧನೆಯಲ್ಲಿ ಇರಲೇ ಇಲ್ಲ. ಸೂಜಿ ಸುಳ್ಳು ಎಂದು ನಾನು ಹೇಳುತ್ತಿಲ್ಲ ಮಾನ್ಯರೇ. ಅದರಲ್ಲಿ ಏನೋ ಇರಲೂಬಹುದು. ಇದೆಯೋ ಇಲ್ಲವೋ ಎಂದು ತಿಳಿಯುವ ಕೆಲಸ ನಿಮ್ಮದಾಗಿತ್ತು, ಅದನ್ನು ಮಾಡುವ ಮೊದಲೇ ನೀವು ಫೋಟೋ ತೆಗೆಸಿದಿರಿ. ಇದು ನನಗೆ ಸಿಟ್ಟು ತರಿಸುತ್ತದೆ.

ಪತ್ರಿಕೆ ಹಿಡಿದುಕೊಂಡು ಮಾರನೆಯ ದಿನವೇ ಅಕ್ಕನನ್ನು ಕರೆದುಕೊಂಡು ಬಂದೆ. ಅಷ್ಟರಲ್ಲಿ ನಾನಾ ಪೇಟೆಯ ಒಬ್ಬ ಖಾಸಗಿ ಡಾಕ್ಟರು ಅವಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಸಂಜೆ ಜ್ವರ ಬರುತ್ತದೆಯೇ ಎಂದು ಕೇಳಿ, ಮುಖ ಸಣ್ಣದು ಮಾಡಿದ್ದರು. ಕ್ಷಯ ಕೀಲಿಗೆ ಇಳಿದಿರಬಹುದು, ತಡ ಮಾಡಿದರೆ ಕಾಲು ಮಡಚದ ಹಾಗೆ ಸೆಟೆದು ಹೋಗಬಹುದು, ಕೊಯ್ಯಬೇಕಾಗಿಯೂ ಬರಬಹುದು, ದೊಡ್ಡಾಸ್ಪತ್ರೆಗೆ ಸೇರಿಸಿ ಎಂದಿದ್ದರು. ನಾನು ಅವರನ್ನೂ ಅನುಮಾನಿಸಿ ನೋಡಿದೆ. ಆದರೆ ಅಕ್ಕನ ಮೈ ಮುಟ್ಟಿದರೆ ಸುಡುತ್ತಿತ್ತು, ಅದನ್ನು ಏನೆಂದು ಅನುಮಾನಿಸಲಿ? ಎಲುಬಿನ ವಿಭಾಗದಲ್ಲಿ ಅವಳ ಕಾರ್ಡು ನೋಡಿದವರು, ಸಂಶೋಧನೆಯಲ್ಲಿ ಇದ್ದ ರೋಗಿಯನ್ನು ಆ ವಿಭಾಗದ ಪತ್ರವಿಲ್ಲದೆ ತೆಗೆದುಕೊಳ್ಳುವಂತಿಲ್ಲ ಎಂದರು. ನಿಮ್ಮ ವಿಭಾಗದ ಕಿಟಕಿಯಲ್ಲಿ ಕೂತಿದ್ದವರು ಕಡತ ತಿರುವಿ ಹಾಕಿ, "ತ್ಯಾ ಬರ್‍ಯಾ ಝಾಲ್ಯಾ ಆಹೇತ" ಎಂದರು. ಅವಳಿಗೆ ಗುಣವಾಗಿದೆಯಂತೆ. ಅವಳು ಅವರ ಮುಂದೆಯೇ ನನ್ನ ಹೆಗಲಿಗೆ ಜೋತುಬಿದ್ದು ನಿಂತಿದ್ದಳು. ಅವರು ಕಡತದಿಂದ ತಲೆ ಎತ್ತಿ ನೋಡಲಿಲ್ಲ.

ಅದೇ ಹೊತ್ತಿಗೆ ವರಾಂಡಕ್ಕೆ ನೀವು ಬಂದಿರಿ. ನಡೆದದ್ದನ್ನೆಲ್ಲ ಹೇಳಿದೆ, ಚಿತ್ರ ತೋರಿಸಿದೆ. ನೀವು ಅಂದದ್ದನ್ನು ನೀವು ಮರೆತಿದ್ದರೂ ನಾನು ಮರೆತಿಲ್ಲ.

"ಏನ್ರೀ, ಇಷ್ಟು ಮಂದ್ಯಾಗ ಒಬ್ಬಾಕಿದು ಹೆಚ್ಚುಕಡಿಮಿ ಆದ್ರ ಸಂಶೋಧನಾ ಬಿದ್ದು ಹೋಗ್ತದೇನು? ಮೋಸ ಮಾಡೋರೂ ನೀವ, ಮತ್ತ ಬಂದು ಜಗಳಾ ತಗಿಯೋರೂ ನೀವ!"

ಒಬ್ಬಳೇ ಎಂದು ನಿಮಗೆ ಯಾರು ಹೇಳಿದರು? ನಾನು ನಮ್ಮ ವಸತಿಯಲ್ಲಿ ಓಣಿ ಓಣಿ ವಿಚಾರಿಸಿದೆ. ಯಾರು ಯಾರು ಮುಯ್ಯಿಗೆ ಹೋಗಿದ್ದರು ಎಂದು ಕೇಳುವ ಬದಲು ಯಾರು ಹೋಗಲಿಲ್ಲ ಎಂದು ಕೇಳಿದ್ದರೆ ನನ್ನ ಕೆಲಸ ಬೇಗ ಮುಗಿಯುತ್ತಿತ್ತು. ಒಂದು ಕೋಣೆಗೆ ಹೋಗಬೇಕಾದವಳ ಕಾರ್ಡು ಹಿಡಿದು ಇನ್ನೊಂದು ಕೋಣೆಯವಳು ಹೋಗಿದ್ದಾಳೆ, ಅವಳ ಸರದಿಗೆ ಇವಳು ಹೋಗಿದ್ದಾಳೆ. ಹೋದವರಲ್ಲಿ ಹೆಚ್ಚಿನವರು ಮೊಣಕಾಲು ಗಟ್ಟಿ ಇದ್ದವರೇ, ಯಾಕೆಂದರೆ ಬಸ್ಸು ಹತ್ತಿ ಆಸ್ಪತ್ರೆಗೆ ನಡೆದು ಬರಲು ಕಾಲು ಗಟ್ಟಿ ಇರಬೇಕಲ್ಲ! ನಿಮ್ಮ ಎರಡು ಕೋಣೆಗಳ ತಕ್ಕಡಿ ಅಲ್ಲಿಗೇ ಮುಗಿಯಿತು. ಇದನ್ನು ನಿಮಗೆ ಬರೆದು ತಿಳಿಸಿದೆ. ಸ್ವರ್ಣಲತಾ ಬಾಯಿಯವರಿಗೂ ಹೇಳಿದೆ, ಅವರು ಬಿಳಿಚಿಕೊಂಡು, ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಅವರನ್ನು ಮರುವಾರದಿಂದ ಬೇರೆ ಕೆಲಸಕ್ಕೆ ಹಾಕಲಾಗಿದೆ. ಕಾಕತಾಳೀಯ ಇರಬಹುದು.

ಈಗ ಮುಂದಿನ ತಿಂಗಳು ನಿಮ್ಮ ಜೀಪು ಇಂದಾಪುರದ ಕಡೆ ಹೊರಟಿದೆಯೆಂದು ಕೇಳಿದೆ, ಕಬ್ಬು ಕಡಿಯುವವರ ಬೆನ್ನುನೋವಿನ ಸಂಶೋಧನೆಗೆ. ಅಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಎಂದು ಎಣಿಸುವುದು ವಾಡಿಕೆ. ಕೊಯ್ತಾ ಎಂದರೆ ಕುಡುಗೋಲು, ಎರಡು ಜೀವಕ್ಕೆ ಅದೊಂದೇ ಹೆಸರು. ಗಂಡನ ಬೆನ್ನಿಗೆ ಚುಚ್ಚಿ ಹೆಂಡತಿಯ ಬೆನ್ನು ಹೇಗಿದೆ ಎಂದು ಕೇಳಿಕೊಂಡು ಬರುತ್ತೀರಾ? ಹೋಗುವ ಮೊದಲು ಒಬ್ಬ ಮುಕಾದಮನನ್ನು ಕೂರಿಸಿಕೊಂಡು ಅಲ್ಲಿಯ ಜನ ಹೇಗೆ ಕೆಲಸ ಮಾಡುತ್ತಾರೆಂದು ಕೇಳಿ. ನಮ್ಮನ್ನು ಹೀಗೆ ಕೇಳಿದ್ದರೆ ನಾವೇ ಹೇಳುತ್ತಿದ್ದೆವು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಕೊನೆಗೆ, ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ಮೊನ್ನೆ ನಿಮ್ಮ ಸಹಾಯಕರೊಬ್ಬರು ನನ್ನನ್ನು ಮೆಟ್ಟಿಲ ಬಳಿ ಕರೆದು, ಅತ್ತಿತ್ತ ನೋಡಿ, ಒಂದು ಉಪಾಯ ಹೇಳಿಕೊಟ್ಟರು. ಕಡತದಲ್ಲಿ ಯಮನವ್ವನಿಗೆ ಗುಣವಾಗಿದೆ, ಅದನ್ನು ತಿದ್ದಿದರೆ ಉಳಿದದ್ದನ್ನೂ ಬಿಚ್ಚಬೇಕಾಗುತ್ತದೆ, ಸಾಹೇಬರು ಒಪ್ಪುವುದಿಲ್ಲ. ಆದರೆ ಕಾಶವ್ವ ಎಂಬ ಹೆಸರು ನಮ್ಮಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಅಕ್ಕನಿಗೆ ಕಾಶವ್ವನ ಹೆಸರಿನಲ್ಲಿ ಹೊಸ ಚೀಟಿ ಮಾಡಿಸಿ, ನೇರವಾಗಿ ಎಲುಬಿನ ವಿಭಾಗಕ್ಕೆ ಸೇರಿಸಿಬಿಡಿ, ಎಲ್ಲರಿಗೂ ಸುಲಭ ಎಂದರು. ಅಂದರೆ, ನಮ್ಮ ಹೆಂಗಸರು ಮಾಡಿದ್ದು ಮೋಸ, ಅದನ್ನೇ ನಿಮ್ಮ ಕಚೇರಿ ಮಾಡಿದರೆ ಸೌಕರ್ಯ! ಆದರೂ ನಾನು ಒಪ್ಪಿಬಿಡುತ್ತಿದ್ದೆ. ಕಾಲು ಉಳಿದರೆ ಸಾಕು, ಹೆಸರು ಯಾವುದಾದರೇನು ಎಂದುಕೊಂಡು ಆ ಸಂಜೆಯೇ ಅಕ್ಕನಿಗೆ ಹೇಳಿದೆ. ಅವಳು ಕಾಲು ಚಾಚಿಕೊಂಡು ಕೂತಿದ್ದಳು.

"ಸ್ಲ್ಯಾಬಿಗೆ ಒಬ್ಬರ ಹೆಸರ್ಲೆ ಒಬ್ಬರು ಹೋಗಬೌದೋ ತಮ್ಮಾ" ಎಂದಳು. "ಅಲ್ಲಿ ಕೆಲಸ ಆದ್ರ ಮುಗೀತು. ಇಲ್ಲಿ ಕೊಯ್ಯೋದು ನನ್ನ ಕಾಲು. ಮ್ಯಾಜಿನ ಮ್ಯಾಲೆ ನಾ ಸತ್ತೆ ಅಂತ ತಿಳಕೋ, ಕಾಶವ್ವ ಸತ್ತಳು ಅಂತ ಬರೀತಾರ. ಹೊರಗ ಬಂದು ಯಾರ ಮಕ್ಕಳನ್ನ ಕರದು ಹೇಳ್ತಾರ? ಅಕಿ ಮಕ್ಕಳು ಅಳಬೇಕೋ, ನನ್ನ ಮಕ್ಕಳು ಅಳಬೇಕೋ?"

ಎಲ್ಲರನ್ನೂ ಅನುಮಾನಿಸುವ ನನಗೆ ಆ ಅನುಮಾನ ಬಂದಿರಲಿಲ್ಲ. ಅಲ್ಲಿಯೇ ಕೂತು ಅತ್ತೆ, ಅದನ್ನು ಬರೆಯಲು ನಾಚಿಕೆಯೇನಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಸಂಶೋಧನೆಯನ್ನು ತಿದ್ದುವುದು, ಪತ್ರಿಕೆಗೆ ತಪ್ಪೊಪ್ಪಿಗೆ ಕಳಿಸುವುದು, ಇಂದಾಪುರದ ಜೀಪನ್ನು ನಿಲ್ಲಿಸುವುದು, ಇವನ್ನೆಲ್ಲ ನಿಮ್ಮ ಮನಸ್ಸಾಕ್ಷಿಗೂ ನಿಮ್ಮ ಮೇಲಿನವರಿಗೂ ಬಿಟ್ಟಿದ್ದೇನೆ, ಇಬ್ಬರಲ್ಲಿ ಒಬ್ಬರಾದರೂ ಎಚ್ಚರವಾಗಿರಲಿ. ನನಗೆ ಬೇಕಾದದ್ದು ಒಂದು ಸಾಲು. ಯಮನವ್ವನಿಗೆ ಗುಣವಾಗಿಲ್ಲ ಎಂದು ಬರೆದು, ಸಹಿ ಹಾಕಿ, ಎಲುಬಿನ ವಿಭಾಗಕ್ಕೆ ಕಳಿಸಿಕೊಡಿ. ನೀವು ಈ ವಿಭಾಗಕ್ಕೆ ಬಂದ ಮೇಲೆ ಬರೆಯುವ ಮೊದಲ ನಿಜವಾದ ಸಾಲು ಅದಾದರೂ ಅಡ್ಡಿಯಿಲ್ಲ. ಬರುವ ಸೋಮವಾರ ಬೆಳಿಗ್ಗೆ ಅವಳನ್ನು ಅವಳ ಹೆಸರಿನಲ್ಲಿಯೇ ಕರೆತರುತ್ತೇನೆ. ನಿಮ್ಮ ಜವಾನ ಹೆಸರು ಕೂಗಿದಾಗ ಅವಳು ಬೆಂಚಿನಿಂದ ಏಳಲು ತಡವಾಗುತ್ತದೆ. ಮುಂದಿನವರನ್ನು ಕರೆಯುವ ಮೊದಲು ದಯವಿಟ್ಟು ಸ್ವಲ್ಪ ಕಾಯಲು ಹೇಳಿ.

ಇಂತಿ,
ಒಂದು ಸಹಿಯ ಮಟ್ಟಿಗಾದರೂ ನಿಮ್ಮನ್ನು ನಂಬಲೇಬೇಕಾಗಿ ಬಂದಿರುವ
ಹುಲಿಗೆಪ್ಪ
ಸಿಮೆಂಟ್ ಗೋದಾಮಿನ ಗುಮಾಸ್ತ